ಹೊಟ್ಟೆ ಕಟ್ಟಿ

ಐದನೇ ದಿನ.
ಹಾಸಿಗೆ ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ಹಳೆ ಲುಂಗಿ,
ಅದರ ಮೇಲೆ ನಾನು.
ತೂತುಗಳಿಂದ ಇನ್ನೂ ಜಿನುಗುತ್ತಿದೆ
ದಾಸವಾಳ ಕಿವುಚಿದ ನೀರಿನಂಥದು.
ಜಿನುಗಲಿ, ಒಳ್ಳೆಯದೇ, ಅಂದಿದ್ದಾರೆ ಡಾಕ್ಟರು
ಹೈದರಾಬಾದಿನ ಏಸಿಯಲ್ಲಿ ಕೂತು.
ಇಲ್ಲಿ ಬಳ್ಳಾರಿಯಲ್ಲಿ ಏಪ್ರಿಲ್ಲು.
ಬೆಳಿಗ್ಗೆ ಒಂಬತ್ತಕ್ಕೇ ಕಾದ ಗುಡ್ಡದ ಬಂಡೆ
ರಾತ್ರಿ ಎರಡಾದರೂ ಕಾವು ಬಿಡುವುದಿಲ್ಲ.

ಎದೆಯ ಕೆಳಗಿಂದ ಮೊಣಕಾಲ ತನಕ ಬಿಗಿ ಕವಚ,
ನಲವತ್ತೆರಡು ಹುಕ್ಕು.
ಆರು ವಾರ ಬಿಚ್ಚಬಾರದು, ಸ್ನಾನಕ್ಕಷ್ಟೇ ರಜೆ.
ಹಾಕಿಕೊಳ್ಳುವ ಮೊದಲು ಹೊಲಿಗೆ ನೋಡಿದೆ, ಚಾಳಿ ಬಿಡುವುದಿಲ್ಲ.
ಹೊಲಿಗೆಯ ಅಂಚು ಹೊರಗೆ ಬಿಟ್ಟಿದ್ದಾರೆ
ಚರ್ಮಕ್ಕೆ ಒತ್ತದ ಹಾಗೆ. ಜಾಣರು.
ಇಲಾಸ್ಟಿಕ್ ಮಾತ್ರ ಎರಡನೇ ದರ್ಜೆ.

ಹದಿನೆಂಟು ವರ್ಷ ಜೀನ್ಸು ಹೊಲಿದ ಕೈ ಇದು.
ಕೌಲ್ ಬಜಾರಿನ ಹಿಂದೆ ಶೆಡ್ಡು, ಹನ್ನೊಂದು ಮಿಷನ್ನು,
ಮೊಳೆಗೆ ನೇತುಹಾಕಿದ ರಟ್ಟಿನ ಸೊಂಟಗಳು:
ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು.
ಕಾಣದೂರಿನ ಹುಡುಗಿಯರ ನಡು
ಕಣ್ಣುಮುಚ್ಚಿ ಕತ್ತರಿಸಬಲ್ಲೆ.
ನನ್ನದಕ್ಕೆ ಮೊಳೆ ಇರಲಿಲ್ಲ.
ಟೇಪು ದಿನವಿಡೀ ಕೊರಳಲ್ಲೇ ಇರುತ್ತಿತ್ತು,
ಕೆಳಗೆ ಇಳಿಸಿರಲಿಲ್ಲ.

ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟ ದುಡ್ಡು
ಹೊಟ್ಟೆಗೇ ಸುರಿದೆ.
ನಗು ಬರುತ್ತದೆ. ನಕ್ಕರೆ ನೋಯುತ್ತದೆ.

ಮೂರು ಲೀಟರ್ ತೆಗೆದರಂತೆ.
ಅಡುಗೆಮನೆಯ ಎಣ್ಣೆ ಪಾಕೀಟು ಮನಸ್ಸಲ್ಲೇ ಎಣಿಸುತ್ತೇನೆ.
ಆರ್ಡರಿನ ಗಡುವು ಕುತ್ತಿಗೆಗೆ ಬಂದ ರಾತ್ರಿಗಳಲ್ಲಿ
ಹನ್ನೊಂದು ಮಿಷನ್ನಿಗೂ ತರಿಸಿದ ಒಗ್ಗರಣೆ ಮಿರ್ಚಿ,
ಉಳಿದದ್ದು ಹಾಳಾಗಬಾರದೆಂದು ನಾನೇ ತಿಂದದ್ದು...
ಲೆಕ್ಕ ತಾಳೆಯಾಗುವುದಿಲ್ಲ.
ಹಳದಿ ಚೀಲದಲ್ಲಿ ಎಲ್ಲಿಗೋ ಹೋಯಿತು ಅದು.
ಒಂದು ಮಾತು ಹೇಳಿ ಕಳಿಸಬೇಕಿತ್ತು.

ತೂಕದ ಮಿಷನ್ನು ಮಾತ್ರ
ಮುಂಚಿಗಿಂತ ಎರಡು ಕೆಜಿ ಜಾಸ್ತಿ ತೋರಿಸುತ್ತಿದೆ.
"ಬಾವು ಅದು, ಇಳೀತೈತಿ" ಅನ್ನುತ್ತಾನೆ ತಿಪ್ಪೇಶ
ನನ್ನ ಮುಖ ನೋಡದೆ.

ಓಣಿಗೆ ಹೇಳಿದ್ದು ಹರ್ನಿಯಾ.
ಎದುರುಮನೆ ರುದ್ರಾಂಬಕ್ಕ ಎಳನೀರು ತಂದಳು,
"ಎಷ್ಟು ಸೊರಗೀಯವ್ವಾ, ಉಣ್ಣು ಚಲೋತ್ನಾಗ"
ಅಂತ ಗಲ್ಲ ಸವರಿದಳು.
ನಲವತ್ಮೂರು ವರ್ಷದಲ್ಲಿ ಮೊದಲ ಸಲ
ಯಾರೋ ನನ್ನನ್ನು ಸೊರಗೀ ಅಂದರು.
ಸುಳ್ಳಿನೊಳಗೆ ಕೂತೇ ಖುಷಿಪಟ್ಟೆ.

ಅತ್ತೆ ಹಂಪಮ್ಮ ಒಂದೂ ಕೇಳಿರಲಿಲ್ಲ.
ಇವತ್ತು ಬಚ್ಚಲಲ್ಲಿ ಕವಚ ಬಿಚ್ಚಿದ್ದೇ
ಕಣ್ಣಿಗೆ ಕತ್ತಲೆ ಬಂತು.
ಬಾಗಿಲು ತಳ್ಳಿ ಬಂದು ಹಿಡಿದಳು
ಎಪ್ಪತ್ತೊಂದರ ಒಣ ಕೈಯಲ್ಲಿ.
ನೋಡಿದಳು.
ನೇರಳೆಯ ಅಂಚಿಗೆ ಮಾಗಿದ ಮಾವಿನ ಹಳದಿ,
ಎಂಟು ಸಣ್ಣ ತೂತು.
ಹರ್ನಿಯಾ ಎಲ್ಲೈತಿ ಅಂತ ಕೇಳಲಿಲ್ಲ.

ಮಂಚಕ್ಕೆ ಒರಗಿಸಿ, ಉಸಿರು ಬಿಡಿಸಿ,
ಕೆಳಗಿಂದ ಮೇಲಕ್ಕೆ ಹುಕ್ಕು ಹಾಕುತ್ತಾ ಅಂದಳು:
"ಎರಡೂ ಬಾಣಂತನದಾಗ
ಹಳೇ ಸೀರಿ ಹರದು ಕಟ್ಟಿದ್ದೆ ನಿನಗ.
ಹನ್ನೆರಡನೇ ದಿನಕ್ಕ ಬಿಚ್ಚಿ ಒಗದು
ಮಿಷನ್ನಿಗೆ ಹೋಗಿ ಕುಂತಿ.
ಸಾಲದ ಮಿಷನ್ನು, ಕಂತು ಕಟ್ಟಬೇಕು ಅಂದಿ.
ನಾನೂ ಬ್ಯಾಡ ಅನ್ಲಿಲ್ಲ."
ಸುಮ್ಮನಾದಳು. ಮೂರು ಹುಕ್ಕು.
"ಈ ಸಲ ಬಿಚ್ಚಬ್ಯಾಡ."

ಕೊನೆಯದು ಸೇರಲಿಲ್ಲ.
"ನಾಳೆ ಸೇರ್ತೈತಿ ಬಿಡು" ಅಂತ ರೊಟ್ಟಿ ಬಡಿಯಲು ಹೋದಳು.

ಕವಚದ ಮೇಲಿಂದಲೇ ಹೊಕ್ಕುಳ ಕೆಳಗೆ ಚಿವುಟಿಕೊಂಡೆ.
ಡೆನಿಮ್ ಥಾನು ಮುಟ್ಟಿದ ಹಾಗೆ:
ಬೆರಳಿಗೆ ಗೊತ್ತು, ಥಾನಿಗೆ ಗೊತ್ತಿಲ್ಲ.
ಜೋಮು ಬಿಡಲು ತಿಂಗಳುಗಟ್ಟಲೆ ಬೇಕಂತೆ.

ಕರೆಂಟು ಹೋಯಿತು. ಫ್ಯಾನು ನಿಂತಿತು.
ಪಡಸಾಲೆ ದಾಟಿ ಬಂತು ರೊಟ್ಟಿಯ ಸಪ್ಪಳ,
ಹಿಂದೆಯೇ ಹೆಂಚಿನ ವಾಸನೆ.
ಆಗ, ಆ ಜೋಮಿನ ತಳದಲ್ಲಿ
ಹಸಿವು ಮಿಸುಕಿತು.

ಅದು ಅಲ್ಲೇ ಇತ್ತು.
ಅದನ್ನು ಯಾರೂ ತೆಗೆದಿರಲಿಲ್ಲ.